ಓದುಗರ ಪ್ರಶ್ನೆ: ಅಡ್ಡಗೋಡೆಯ ಮೇಲಿಟ್ಟ ದೀಪಗಳು

ಪ್ರಶ್ನೆ: 1918ರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ ಹೈಫಾದಲ್ಲಿ ಗೆದ್ದಿತಂತೆ. ಆಗ ಅದು ಇಸ್ರೇಲಿನ ಊರೋ, ಪ್ಯಾಲೆಸ್ಟೀನಿನದೋ? (ಮೈಸೂರು)

ಉತ್ತರ: ಆಗ ಅದು ತುರ್ಕರ ಒಟ್ಟೋಮನ್ ಸಾಮ್ರಾಜ್ಯದ ಊರು. ಸೆಪ್ಟೆಂಬರ್ 23ರಂದು ಬ್ರಿಟಿಷರ ಪರ ಕಾದುತ್ತಿದ್ದ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದರು, ಜೋಧಪುರದವರು ಊರೊಳಗೆ ನುಗ್ಗಿದರು. ಆದರೆ ಪ್ಯಾಲೆಸ್ಟೀನ್ ಎನ್ನುವ ಆ ಇಡೀ ನೆಲದ ಬಗ್ಗೆ ಬ್ರಿಟಿಷರು ಅಷ್ಟರಲ್ಲಾಗಲೇ ಮಾತು ಕೊಟ್ಟಾಗಿತ್ತು. 1917ರ ನವೆಂಬರ್ 2ರಂದು ವಿದೇಶಾಂಗ ಸಚಿವ ಬಾಲ್ಫರ್ ಬರೆದ ಪತ್ರ, ಯೆಹೂದಿಗಳಿಗೆ ಅಲ್ಲೊಂದು ‘ರಾಷ್ಟ್ರೀಯ ನೆಲೆ’ ಸಿಗಲು ನೆರವಾಗುತ್ತೇವೆ ಎಂದಿತು. ‘ರಾಷ್ಟ್ರ’ ಎನ್ನಲಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಅರಬರಿದ್ದ ನಾಡಿನಲ್ಲಿ ಅವರನ್ನು ‘ಯೆಹೂದ್ಯೇತರ ಸಮುದಾಯಗಳು’ ಎಂದಷ್ಟೇ ಕರೆಯಿತು. ಅವರ ನಾಗರಿಕ, ಧಾರ್ಮಿಕ ಹಕ್ಕುಗಳಿಗೆ ಧಕ್ಕೆ ಬರಬಾರದು ಎಂದಿತು, ರಾಜಕೀಯ ಹಕ್ಕಿನ ಸೊಲ್ಲೆತ್ತಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು ಅದು.

ಪ್ರಶ್ನೆ: ಪ್ಯಾಲೆಸ್ಟೀನನ್ನು ಎರಡು ಮಾಡುವ ವಿಶ್ವಸಂಸ್ಥೆಯ 1947ರ ಯೋಜನೆಯನ್ನು ಅರಬರು ಒಪ್ಪಿಬಿಟ್ಟಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿರಲಿಲ್ಲವೇ? (ಧಾರವಾಡ)

ಉತ್ತರ: ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲಿದ್ದ ಯೆಹೂದಿಗಳಿಗೆ ಆ ಯೋಜನೆ ಅರ್ಧಕ್ಕಿಂತ ಹೆಚ್ಚು ನೆಲ ಕೊಟ್ಟಿತ್ತು. ಅರಬರು ಒಪ್ಪದಿರಲು ಅದೂ ಒಂದು ಕಾರಣ. ಭಾರತವೂ ವಿರುದ್ಧವೇ ಮತ ಹಾಕಿತು. ಪರ 33, ವಿರುದ್ಧ 13. ಇನ್ನೊಂದು ಕಡೆ ನೋಡಿ: ಯುರೋಪಿನಲ್ಲಿ 60 ಲಕ್ಷ ಯೆಹೂದಿಗಳ ಕೊಲೆಯಾಗಿ ಎರಡೇ ವರ್ಷ ಕಳೆದಿತ್ತು. ಓಡಿಬಂದವರಿಗೆ ಬಾಗಿಲು ಮುಚ್ಚಿದ ದೇಶಗಳು ಒಂದೆರಡಲ್ಲ. ಇಬ್ಬರ ಭಯವೂ ನಿಜವಾದದ್ದೇ. 1948ರಲ್ಲಿ ಇಸ್ರೇಲ್ ಹುಟ್ಟಿತು, ಅರಬ್ ದೇಶಗಳೊಡನೆ ಯುದ್ಧವಾಯಿತು. ಅದು ಮುಗಿದಾಗ ಶೇ. 78ರಷ್ಟು ನೆಲ ಇಸ್ರೇಲಿನ ಕೈಯಲ್ಲಿತ್ತು, ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡಿದ್ದರು. ಬಿಟ್ಟುಬಂದ ಮನೆಯ ಬೀಗದ ಕೈಯನ್ನು ಮೊಮ್ಮಕ್ಕಳೂ ಜೋಪಾನ ಮಾಡುವ ಕುಟುಂಬಗಳು ಇಂದಿಗೂ ಇವೆ.

ಪ್ರಶ್ನೆ: ‘242ನೇ ನಿರ್ಣಯ’ ಎಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಏನದು? (ಶಿವಮೊಗ್ಗ)

ಉತ್ತರ: 1967ರ ಆರು ದಿನಗಳ ಯುದ್ಧದಲ್ಲಿ ಇಸ್ರೇಲ್ ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾ, ಸಿನಾಯ್, ಗೋಲಾನ್ ಎಲ್ಲವನ್ನೂ ಹಿಡಿಯಿತು. ಅದೇ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಈ ನಿರ್ಣಯದಲ್ಲಿ, ಹಿಡಿದ ಪ್ರದೇಶಗಳಿಂದ ಸೈನ್ಯ ಹಿಂದೆ ಸರಿಯಬೇಕು ಎಂದಿತು. ಇಂಗ್ಲಿಷ್ ಪಠ್ಯದಲ್ಲಿ ‘ಪ್ರದೇಶಗಳು’ ಎಂಬುದರ ಹಿಂದೆ ‘ದಿ’ ಇಲ್ಲ. ಹಾಗಾಗಿ ‘ಎಲ್ಲ ಪ್ರದೇಶ ಅಂತೇನಿಲ್ಲ’ ಎಂದು ಇಸ್ರೇಲ್ ವಾದಿಸಿತು. ಫ್ರೆಂಚ್ ಪಠ್ಯವನ್ನು ‘ಎಲ್ಲವೂ’ ಎಂದೇ ಓದಬಹುದು, ಅರಬರು ಅದನ್ನು ಹಿಡಿದುಕೊಂಡರು. ಕನ್ನಡದಲ್ಲಿ ‘ದಿ’ಗೆ ಸಮನಾದ ಪದವೇ ಇಲ್ಲದ್ದರಿಂದ ನಮ್ಮ ಅನುವಾದಗಳಲ್ಲಿ ಈ ಜಗಳ ಕಾಣುವುದೇ ಇಲ್ಲ.

ಪ್ರಶ್ನೆ: ಓಸ್ಲೋ ಒಪ್ಪಂದಕ್ಕೆ ನೊಬೆಲ್ ಪ್ರಶಸ್ತಿಯೇ ಬಂತು. ಮತ್ತೇಕೆ ಮುರಿದುಬಿತ್ತು? (ಮಂಗಳೂರು)

ಉತ್ತರ: ಕಷ್ಟದ್ದನ್ನೆಲ್ಲ ಕೊನೆಗಿಟ್ಟದ್ದರಿಂದ. 1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ ಸಹಿ ಹಾಕುವಾಗ ಜೆರುಸಲೇಮ್, ನಿರಾಶ್ರಿತರು, 1967ರಲ್ಲಿ ಹಿಡಿದ ನೆಲದಲ್ಲಿ ಕಟ್ಟಿದ ಯೆಹೂದಿ ವಸಾಹತುಗಳು, ಭದ್ರತೆ, ಗಡಿ ಎಲ್ಲವನ್ನೂ ಮುಂದೂಡಿದರು. ಮಧ್ಯಂತರ ಅವಧಿ ಐದು ವರ್ಷ. 1999ರ ಮೇಗೆ ಮುಗಿಯಬೇಕಿತ್ತು. 1995ರಲ್ಲಿ ಪಶ್ಚಿಮ ದಂಡೆಯನ್ನು ತಾತ್ಕಾಲಿಕವಾಗಿ ಮೂರು ಮಾಡಿದರು. ‘ಎ’ ವಲಯದಲ್ಲಿ ಆಡಳಿತ, ಪೊಲೀಸ್ ಎರಡೂ ಪ್ಯಾಲೆಸ್ಟೀನಿಯರದು, ‘ಬಿ’ಯಲ್ಲಿ ಆಡಳಿತ ಮಾತ್ರ ಅವರದು, ‘ಸಿ’ ಪೂರ್ತಿ ಇಸ್ರೇಲ್ ಸೈನ್ಯದ ಕೈಯಲ್ಲಿ. ಈಗ ‘ಎ’ ಶೇ. 18, ‘ಬಿ’ ಶೇ. 22, ಉಳಿದ 60 ಭಾಗ ‘ಸಿ’. ನಕ್ಷೆಯಲ್ಲಿ ‘ಎ’, ‘ಬಿ’ ತುಂಡುತುಂಡು ನಡುಗಡ್ಡೆಗಳು, ಸುತ್ತಲಿನ ನೀರೆಲ್ಲ ‘ಸಿ’. ರಮಲ್ಲಾದಿಂದ ನಾಬ್ಲುಸ್‌ಗೆ ಹೊರಟವನು ‘ಸಿ’ ದಾಟಲೇಬೇಕು. ‘ಸಿ’ಯಲ್ಲಿರುವ ತನ್ನದೇ ಹೊಲದಲ್ಲಿ ಬಾವಿ ತೋಡಲೂ ಇಸ್ರೇಲಿನ ಪರವಾನಗಿ ಬೇಕು. ಆ ತಾತ್ಕಾಲಿಕ ನಕ್ಷೆ ಇಂದಿಗೂ ಜಾರಿಯಲ್ಲಿದೆ. 1993ರಲ್ಲಿ ಪೂರ್ವ ಜೆರುಸಲೇಮ್ ಬಿಟ್ಟು ಲಕ್ಷಕ್ಕೆ ತುಸು ಮೇಲಿದ್ದ ವಸಾಹತುದಾರರು ಈಗ ಸುಮಾರು 5 ಲಕ್ಷ.

ಮುಂದೂಡಿದ ಆ ಕಾಲ ಒಪ್ಪಂದ ಬೇಡವೆಂದವರ ಪಾಲಿಗೆ ವರವಾಯಿತು. 1994ರಲ್ಲಿ ಹೆಬ್ರಾನ್ ಮಸೀದಿಯಲ್ಲಿ ಒಬ್ಬ ವಸಾಹತುದಾರ 29 ಮಂದಿಯನ್ನು ಗುಂಡಿಟ್ಟು ಕೊಂದ. 1995ರ ನವೆಂಬರಿನಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್‌ರನ್ನು ಕೊಂದವನೂ ಯೆಹೂದಿ ಉಗ್ರವಾದಿಯೇ. ಮುಂದಿನ ವರ್ಷ ಜೆರುಸಲೇಮಿನ 18ನೇ ನಂಬರ್ ಬಸ್ಸಿನಲ್ಲಿ ಒಂದು ಭಾನುವಾರ ಪ್ಯಾಲೆಸ್ಟೀನಿ ಸಂಘಟನೆ ಹಮಾಸ್‌ನ ಆತ್ಮಾಹುತಿ ಬಾಂಬ್ ಸಿಡಿಯಿತು, ಮರು ಭಾನುವಾರ ಅದೇ ನಂಬರಿನ ಇನ್ನೊಂದು ಬಸ್ಸಿನಲ್ಲಿ.

ಪ್ರಶ್ನೆ: 2023ರ ಅಕ್ಟೋಬರ್ 7ರ ನಂತರವೂ ಶಾಂತಿಯ ಮಾತಿಗೆ ಅರ್ಥವಿದೆಯೇ? (ಬೆಂಗಳೂರು)

ಉತ್ತರ: ಅಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಸತ್ತರೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಇಷ್ಟು ಸಾವಿನ ನಡುವೆ ನಂಬಿಕೆಯ ಮಾತಾಡುವುದು ಕಷ್ಟ. ಆದರೆ ಇಲ್ಲಿ ಬೇಕಾದದ್ದು ನಂಬಿಕೆಗಿಂತ ಮೊದಲು ಅಳತೆ. 2008ರ ಮಾತುಕತೆಯಲ್ಲಿ ನೆಲಕ್ಕೆ ನೆಲ ಬದಲಾಯಿಸಿಕೊಳ್ಳುವ ಲೆಕ್ಕಕ್ಕೆ ಇಬ್ಬರೂ ಬಂದಿದ್ದರು. ಪಶ್ಚಿಮ ದಂಡೆಯ ಶೇ. 6ಕ್ಕಿಂತ ತುಸು ಹೆಚ್ಚು ಬೇಕೆಂದು ಆಗಿನ ಇಸ್ರೇಲ್ ಪ್ರಧಾನಿ ಓಲ್ಮರ್ಟ್, ಶೇ. 2ರೊಳಗೇ ಎಂದು ಪ್ಯಾಲೆಸ್ಟೀನಿ ಅಧ್ಯಕ್ಷ ಅಬ್ಬಾಸ್. ನೆಲದ ಲೆಕ್ಕದಲ್ಲಿ ಅಂತರ ಅಷ್ಟೇ. ಇಂದು ಅದು ಹಿಗ್ಗಿದೆ, ಮಾತಾಡಲು ಕೂರುವವರೂ ಇಲ್ಲ.

ಅಳತೆಯಿಂದ ಜಗಳ ತೀರಿದ್ದೂ ಉಂಟು. 1982ರಲ್ಲಿ ಇಸ್ರೇಲ್ ಈಜಿಪ್ಟಿಗೆ ಸಿನಾಯ್ ಬಿಟ್ಟುಕೊಟ್ಟಾಗ ಕೆಂಪು ಸಮುದ್ರದ ದಂಡೆಯ ತಾಬಾ ಎಂಬ ಚದರ ಕಿಲೋಮೀಟರಿನಷ್ಟು ಜಾಗ ಮಾತ್ರ ಉಳಿಯಿತು. ಅದನ್ನೂ ಸೇರಿಸಿ 14 ಗಡಿಕಲ್ಲುಗಳ ಜಾಗದ ಬಗ್ಗೆ ತಕರಾರು. ಐವರು ಪಂಚರ ಮುಂದೆ ಇಟ್ಟ ಪ್ರಶ್ನೆ ಒಂದೇ: ಬ್ರಿಟಿಷರ ಕಾಲದಲ್ಲಿ ಆ ಕಲ್ಲುಗಳು ಎಲ್ಲಿದ್ದವು? 1988ರ ಸೆಪ್ಟೆಂಬರಿನಲ್ಲಿ ತಾಬಾದ 91ನೇ ಕಲ್ಲಿನ ತೀರ್ಪು ಈಜಿಪ್ಟಿನ ಪರ ಬಂತು. ಮರುವರ್ಷ ಮಾರ್ಚಿನಲ್ಲಿ, ಮೇಲೆ ಕಟ್ಟಿದ್ದ ಹೋಟೆಲಿನ ಸಮೇತ, ಇಸ್ರೇಲ್ ಜಾಗ ಬಿಟ್ಟುಕೊಟ್ಟಿತು.