ಆರೈಕೆಯ ನಡುವಿನ ಪ್ರಾರ್ಥನೆ

ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲೇ ದಿನ ಕಳೆಯುವುದರಿಂದ ಪ್ರಾರ್ಥನೆಗೆ ಬಿಡುವಿಲ್ಲ, ವಿಶ್ವಾಸದ ಸಂತೋಷವೂ ಉಳಿದಿಲ್ಲ ಎಂದು ನೀವು ನೊಂದು ಬರೆದಿದ್ದೀರಿ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಎಂಬ ಕ್ರೈಸ್ತ ಸಂನ್ಯಾಸಿ ಪಂಥದ ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸ್, ಆ ಕೆಲಸ ಸ್ವಭಾವತಃ ತಮಗೆ ಹಿಡಿಸದಿದ್ದರೂ, ಪಾತ್ರೆಗಳ ಸದ್ದಿನ ನಡುವೆಯೇ ದೇವರೊಡನೆ ಮಾತನಾಡುವುದನ್ನು ರೂಢಿಸಿಕೊಂಡರು. ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದ ಅವರಿಗಿರಲಿಲ್ಲ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ರೋಗಿಗಳನ್ನು ನೋಡಿಕೊಂಡವರು ತಾವು ಉಪಚರಿಸಿದ್ದು ಕ್ರಿಸ್ತನನ್ನೇ ಎಂದು ಕೇಳಿ ಬೆರಗಾಗುತ್ತಾರೆ. ಒದ್ದೆ ಬಟ್ಟೆಯಿಂದ ತಾಯಿಯ ಬೆನ್ನೊರೆಸಿ ದಿಂಬು ಸರಿಪಡಿಸುವಾಗ "ಕರ್ತನೇ, ಅಮ್ಮನಲ್ಲಿ ನೀನಿದ್ದೀಯೆ" ಎಂದಷ್ಟೇ ಹೇಳಿಕೊಳ್ಳಿ. ನನ್ನ ತಂದೆಯ ಕೊನೆಯ ತಿಂಗಳುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂಥದೇ ಚಿಕ್ಕ ಪ್ರಾರ್ಥನೆ. ದಣಿವನ್ನು ಮಾತ್ರ ಪಾಪವೆಂದು ಎಣಿಸಬೇಡಿ. ವಾರಕ್ಕೊಂದು ಮಧ್ಯಾಹ್ನವಾದರೂ ನೆರವಿಗೆ ಬರುವಂತೆ ನಿಮ್ಮ ಚರ್ಚಿನ ಸಭೆಯವರನ್ನು ಸಂಕೋಚವಿಲ್ಲದೆ ಕೇಳಿ.