ಗೋಡೆಯ ಬೂಷ್ಟಿಗೂ ಮೈ ತುರಿಕೆಗೂ ಸಂಬಂಧ ಇದೆಯಾ?

ಪ್ರಶ್ನೆ: ನಮ್ಮ ಮಲಗುವ ಕೋಣೆಯಲ್ಲಿ ಬೀರುವಿನ ಹಿಂದೆ ಗೋಡೆಗೆಲ್ಲ ಕಪ್ಪು ಬೂಷ್ಟು ಬಂದಿದೆ. ಆರು ವರ್ಷದ ಮಗಳಿಗೆ ಮೊಣಕೈ ಮಡಿಕೆ, ಮೊಣಕಾಲಿನ ಹಿಂಭಾಗದ ಚರ್ಮ ಒಣಗಿದೆ. ಕೆರೆದು ಕೆರೆದು ಗಾಯ ಮಾಡಿಕೊಳ್ಳುತ್ತಾಳೆ. ನಮ್ಮ ಮನೆಯವರಿಗೆ ತೊಡೆ ಸಂದಿಯಲ್ಲಿ ದುಂಡಗೆ ಕೆಂಪು ಕಲೆ, ಅಂಚಿನಲ್ಲಿ ಸಣ್ಣ ಗುಳ್ಳೆ. ಎರಡೂ ಗೋಡೆಯಿಂದಲೇ ಬಂದಿದ್ದು ಅಂತ ನಮ್ಮತ್ತೆ ಹೇಳುತ್ತಾರೆ. ಗೋಡೆಯ ಫಂಗಸ್ ಮೈಗೂ ಹತ್ತುತ್ತದೆಯೇ? ಮನೆ ಬಿಡಬೇಕೇ?

ಉತ್ತರ: ಮನೆ ಬಿಡುವ ಮಾತು ಈಗಲೇ ಬೇಡ. ಗೋಡೆಯ ಬೂಷ್ಟು ಆರೋಗ್ಯವಾಗಿರುವವರ ಮೈಮೇಲೆ ಹತ್ತಿ ಬೆಳೆಯುವುದಿಲ್ಲ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಲಾಡೋಸ್ಪೋರಿಯಂ, ಪೆನಿಸಿಲಿಯಂ, ಆಸ್ಪರ್ಜಿಲಸ್, ಆಲ್ಟರ್ನೇರಿಯಾ ಎಂಬ ಜಾತಿಗಳು. ಒಂದಿಷ್ಟು ತೇವ, ಒಂದಿಷ್ಟು ಕಾಗದ, ಮರ ಅಥವಾ ದೂಳು ಸಿಕ್ಕರೆ ಅವಕ್ಕೆ ಸಾಕು.

ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮನೆಯವರಿಗೆ ಇರುವುದು ಹುಳುಕಡ್ಡಿ ಅನ್ನಿಸುತ್ತದೆ. ಅದೂ ಫಂಗಸ್ಸೇ, ಆದರೆ ಗೋಡೆಯದಲ್ಲ. ಅದು ಚರ್ಮ, ಕೂದಲು, ಉಗುರಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುತ್ತದೆ. ಒಬ್ಬರಿಂದ ಒಬ್ಬರಿಗೆ, ಟವೆಲ್ಲು, ಒಳಉಡುಪು, ಹಾಸಿಗೆಯಿಂದ, ಕೆಲವೊಮ್ಮೆ ಸಾಕಿದ ನಾಯಿ ಬೆಕ್ಕಿನಿಂದ ಬರುತ್ತದೆ. ಗೋಡೆ ಎಷ್ಟು ತಿಕ್ಕಿದರೂ ಇದು ಹೋಗುವುದಿಲ್ಲ, ಫಂಗಸ್ ಔಷಧಿಯೇ ಬೇಕು. ಒಂದು ಮಾತು ಒತ್ತಿ ಹೇಳುತ್ತೇನೆ. ಅವರು ಈಗಾಗಲೇ ಯಾವುದಾದರೂ ಕ್ರೀಮ್ ಹಚ್ಚುತ್ತಿದ್ದರೆ ಟ್ಯೂಬಿನ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಾಸೋನ್ ಅಂತ ಇದೆಯಾ ನೋಡಿ. ಇವು ಸ್ಟೆರಾಯ್ಡ್. ಹಚ್ಚಿದಾಗ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ವಾಸಿಯಾಯಿತು ಅಂತ ಅನ್ನಿಸುತ್ತದೆ, ಆದರೆ ಒಳಗೆ ಫಂಗಸ್ ಹರಡುತ್ತಲೇ ಇರುತ್ತದೆ, ಕೊನೆಗೆ ಕಲೆಯ ಆಕಾರವೇ ಬದಲಾಗಿ ವೈದ್ಯರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮದ ವೈದ್ಯರ ಹತ್ತಿರ ಹೋಗಲಿ.

ಈಗ ಮಗಳ ವಿಷಯ. ಮೊಣಕೈ ಮಡಿಕೆ, ಮೊಣಕಾಲಿನ ಹಿಂದೆ, ಒಣ ಚರ್ಮ, ತುರಿಕೆ ಅಂದರೆ ಮಕ್ಕಳ ಎಕ್ಜಿಮಾ, ಅಂದರೆ ಇಸುಬು, ಇರಬಹುದು. ಗೋಡೆಗೆ ಸಂಬಂಧ ಇರಬಹುದಾದ್ದು ಇಲ್ಲಿಯೇ. ಎಕ್ಜಿಮಾ ಇರುವ ಚರ್ಮ ಹೊಲಿಗೆ ಬಿಟ್ಟ ಬಟ್ಟೆಯ ಹಾಗೆ, ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ದೂಳು ಒಳಗೆ ಇಳಿಯುತ್ತದೆ. ಹಲವರಲ್ಲಿ ಇದಕ್ಕೆ ಹುಟ್ಟಿನಿಂದಲೇ ಕಾರಣ ಇರುತ್ತದೆ. ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ತಯಾರಿಸುವ ಜೀನಿನಲ್ಲಿ ದೋಷ ಇದ್ದರೆ ಎಕ್ಜಿಮಾ ಬರುವ ಸಂಭವ ಜಾಸ್ತಿ ಅಂತ 2006ರಲ್ಲಿ ಗೊತ್ತಾಯಿತು. ಇಂಥ ಚರ್ಮದ ಮೇಲೆ ಬೂಷ್ಟಿನ ಬೀಜಕಣ, ಅದರ ಚೂರುಗಳು ಕೂತರೆ, ಅದಕ್ಕೆ ಅಲರ್ಜಿ ಇರುವ ಮಗುವಿಗೆ ತುರಿಕೆ ಕೆರಳಬಹುದು.

ಹಾಗಂತ ಗೋಡೆಯಿಂದಲೇ ಎಕ್ಜಿಮಾ ಬಂತು ಅಂತ ಹೇಳುವುದಕ್ಕಾಗುವುದಿಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ತೇವದ ಮನೆಗಳ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಕೆಮ್ಮು, ಉಬ್ಬಸಕ್ಕೆ ಸಂಬಂಧ ಇದೆ, ಚರ್ಮದ ತೊಂದರೆಗೆ ಸಾಕಷ್ಟು ಪುರಾವೆ ಇಲ್ಲ ಅಂತ ಅದು ಹೇಳಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಮಾರ್ಗಸೂಚಿಯಲ್ಲೂ ಮುಖ್ಯವಾಗಿ ಇರುವುದು ಉಸಿರಾಟದ ತೊಂದರೆಯೇ. 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದರಲ್ಲಿ ಮಾತ್ರ ತೇವ, ಬೂಷ್ಟು ಇರುವ ಮನೆಗಳಿಗೂ ಎಕ್ಜಿಮಾಗೂ ನಂಟು ಕಂಡುಬಂತು. ಆದರೆ ನಂಟು ಬೇರೆ, ಕಾರಣ ಬೇರೆ ಅಲ್ವಾ? ತೇವ ಇರುವ ಕಡೆ ಹಾಸಿಗೆ ದೂಳಿನ ನುಸಿಗಳೂ ಚೆನ್ನಾಗಿ ಬೆಳೆಯುತ್ತವೆ. ಅವೂ ಎಕ್ಜಿಮಾ ಕೆರಳಿಸುತ್ತವೆ. ಯಾರದು ಎಷ್ಟು ಪಾಲು ಅಂತ ಬೇರ್ಪಡಿಸುವುದು ಕಷ್ಟ.

ಆದ್ದರಿಂದ ಗೋಡೆ ಸರಿಹೋಗಲಿ, ಆಮೇಲೆ ಔಷಧಿ ನೋಡೋಣ ಅಂತ ದಯವಿಟ್ಟು ಕಾಯಬೇಡಿ. ಮಗುವಿಗೆ ಇವತ್ತಿನಿಂದಲೇ ಸ್ನಾನ ಆದ ಕೂಡಲೇ, ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ, ವಾಸನೆ ಇಲ್ಲದ ಮಂದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ. ವೈದ್ಯರು ಎಕ್ಜಿಮಾ ಅಂತ ಖಚಿತಪಡಿಸಿ ಸ್ಟೆರಾಯ್ಡ್ ಕ್ರೀಮ್ ಕೊಟ್ಟರೆ ಹೆದರಿ ಬಿಡಬೇಡಿ, ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿ. ತಂದೆಗೆ ಬೇಡ ಅಂದಿದ್ದು ಮಗಳಿಗೆ ಬೇಕು ಅನ್ನುತ್ತಿದ್ದೇನೆ, ಯಾಕೆಂದರೆ ಇಬ್ಬರದೂ ಬೇರೆ ಬೇರೆ ಕಾಯಿಲೆ. ಹಾಗಾಗಿ ಒಬ್ಬರ ಕ್ರೀಮ್ ಇನ್ನೊಬ್ಬರಿಗೆ ಹಚ್ಚಲೇಬಾರದು.

ಜೊತೆಗೆ ಗೋಡೆಯನ್ನೂ ಸರಿಮಾಡಿಸಿ. ಚರ್ಮಕ್ಕಲ್ಲದಿದ್ದರೂ ಅವಳ ಶ್ವಾಸಕೋಶಕ್ಕಾದರೂ ಅದು ಬೇಕೇ ಬೇಕು. ಅಷ್ಟರವರೆಗೆ ಮಗಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ: ಪೈಪ್ ಸೋರುತ್ತಿದೆಯಾ, ಹೊರಗಿನಿಂದ ಇಳಿಯುತ್ತಿದೆಯಾ, ಅಥವಾ ಬೀರು ಗೋಡೆಗೆ ಅಂಟಿಕೊಂಡು ಗಾಳಿ ಆಡದೆ ಬೆವರುತ್ತಿದೆಯಾ. ನೀರು ನಿಲ್ಲಿಸದೆ ಸುಮ್ನೆ ಮೇಲೆ ಬಣ್ಣ ಹೊಡೆದರೆ ಬೂಷ್ಟು ಮತ್ತೆ ಬರುತ್ತದೆ. ಬೂಷ್ಟು ಹಿಡಿದ ಜಾಗ ಸುಮಾರು ಮೂರಡಿ ಉದ್ದ, ಮೂರಡಿ ಅಗಲದೊಳಗೆ ಇದ್ದರೆ ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ನೀವೇ ಉಜ್ಜಿ ತೆಗೆಯಬಹುದು. ಒಣ ಬ್ರಶ್ ಬೇಡ, ಬೀಜಕಣ ಕೋಣೆಯೆಲ್ಲ ಹಾರುತ್ತದೆ. ಆ ಹೊತ್ತಿಗೆ ಮಗಳು ಅಲ್ಲಿರಬಾರದು. ಸತ್ತ ಬೂಷ್ಟೂ ಅಲರ್ಜಿ ಕೊಡುತ್ತದೆ, ಹಾಗಾಗಿ ಔಷಧಿ ಹೊಡೆದು ಬಿಟ್ಟರೆ ಸಾಲದು, ಒರೆಸಿ ತೆಗೆಯಬೇಕು. ಜಾಗ ಅದಕ್ಕಿಂತ ದೊಡ್ಡದಿದ್ದರೆ ಕೆಲಸ ಗೊತ್ತಿರುವವರನ್ನು ಕರೆಸಿ. ಕೋಣೆಯ ತೇವಾಂಶ ಶೇ. 30ರಿಂದ 50ರೊಳಗೆ ಇದ್ದರೆ ಒಳ್ಳೆಯದು, 60 ದಾಟಬಾರದು. ಅದನ್ನು ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ. ಬೂಷ್ಟು ಯಾವ ಜಾತಿಯದು ಅಂತ ಪರೀಕ್ಷೆ ಮಾಡಿಸಲು ದುಡ್ಡು ಸುರಿಯಬೇಡಿ. ಯಾವುದಾದರೇನು, ತೆಗೆಯಲೇಬೇಕು.

ಪ್ರಶ್ನೆ: ಬ್ಲೀಚಿಂಗ್ ನೀರು ಹಾಕಿ ಬೂಷ್ಟೆಲ್ಲ ತೆಗೆದು, ಬೂಷ್ಟು ಬರದಂಥ ಹೊಸ ಬಣ್ಣ ಹೊಡೆಸಿದೆ. ಈಗ ನೋಡಿದರೆ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ ಕೆಂಪಾಗಿ ಉರಿಯುತ್ತಿದೆ. ಮುಂಚೆ ಇರಲೇ ಇಲ್ಲ. ಬೂಷ್ಟು ಗೋಡೆಯೊಳಗೆ ಉಳಿದಿದೆಯೇ?

ಉತ್ತರ: ಬೂಷ್ಟಿಗಿಂತ ಮೊದಲು ನನಗೆ ಆ ಬಣ್ಣದ ಮೇಲೆಯೇ ಅನುಮಾನ. ನೀರಿನಲ್ಲಿ ಕಲಸುವ ಹಲವು ಬಣ್ಣಗಳಿಗೆ ಕೆಡದಿರಲಿ ಅಂತ ಮೀಥೈಲ್ ಐಸೋಥಯಾಜೋಲಿನೋನ್ ಎಂಬ ರಾಸಾಯನಿಕ, ಅಥವಾ ಅದೇ ಗುಂಪಿನ ಬೇರೆಯದನ್ನು ಹಾಕುತ್ತಾರೆ. ಬಣ್ಣ ಒಣಗಿದ ಮೇಲೂ ಅದು ವಾರಗಟ್ಟಲೆ ಗಾಳಿಗೆ ಬರುತ್ತಿರಬಹುದು. ಅಲರ್ಜಿ ಇರುವವರಿಗೆ ಗಾಳಿಗೆ ತೆರೆದಿರುವ ಜಾಗದಲ್ಲೇ, ಅಂದರೆ ಮುಖ, ರೆಪ್ಪೆ, ಕುತ್ತಿಗೆಯಲ್ಲಿ, ದದ್ದು ಏಳುತ್ತದೆ. ನಿಮಗೆ ಆಗಿರುವುದೂ ಅಲ್ಲೇ. ಇದೇ ರಾಸಾಯನಿಕವನ್ನು ಹಚ್ಚಿ ತೊಳೆಯದೆ ಬಿಡುವ ಕ್ರೀಮು, ಲೋಷನ್ನುಗಳಲ್ಲಿ ಬಳಸಬಾರದು ಅಂತ ಯುರೋಪಿಯನ್ ಒಕ್ಕೂಟ 2017ರಲ್ಲಿ ನಿಷೇಧಿಸಿತು, ಅಷ್ಟು ಜನರಿಗೆ ಅಲರ್ಜಿ ಬರುತ್ತಿತ್ತು. ಸದ್ಯಕ್ಕೆ ಆ ಕೋಣೆಯಲ್ಲಿ ಮಲಗಬೇಡಿ, ಕಿಟಕಿ ತೆರೆದಿಡಿ. ವೈದ್ಯರಿಗೆ ಬಣ್ಣ ಹೊಡೆಸಿದ್ದನ್ನು ಮರೆಯದೆ ಹೇಳಿ, ಅವರಾಗಿಯೇ ಕೇಳದೇ ಇರಬಹುದು. ಇದಕ್ಕೆ ಮಾಡುವುದು ಬೆನ್ನಿಗೆ ಪಟ್ಟಿ ಅಂಟಿಸುವ ಪ್ಯಾಚ್ ಪರೀಕ್ಷೆ. ಶ್ಯಾಂಪೂ, ಹ್ಯಾಂಡ್‌ವಾಶ್ ಬಾಟಲಿಗಳನ್ನೂ ತೆಗೆದುಕೊಂಡು ಹೋಗಿ, ಅವುಗಳಲ್ಲೂ ಅದೇ ಇರಬಹುದು.

ಬ್ಲೀಚ್ ಕೂಡ ಚರ್ಮ, ಕಣ್ಣು ಉರಿಸುತ್ತದೆ. ಇನ್ನೊಮ್ಮೆ ಬಳಸುವುದಾದರೆ ಅಮೋನಿಯಾ ಇರುವ ಕ್ಲೀನರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕೂ ಜನಕ್ಕೆ ರಾತ್ರಿ ವಿಪರೀತ ತುರಿಕೆ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳು. ಬಚ್ಚಲ ಗೋಡೆಯಲ್ಲಿ ಬೂಷ್ಟು ಇದೆ. ಮೂತ್ರ ಪರೀಕ್ಷೆ ಮಾಡಿಸಿದಾಗ ಬೂಷ್ಟಿನ ವಿಷ ಮೈಯಲ್ಲಿದೆ ಅಂತ ಬಂತು. ವಿಷ ತೆಗೆಯುವ ಚಿಕಿತ್ಸೆಗೆ ಹೇಳಿದ್ದಾರೆ. ಮಾಡಿಸೋಣವೇ?

ಉತ್ತರ: ಬೇಡ. ಕಾಯಿಲೆ ಗುರುತಿಸಲು ಈ ಮೂತ್ರ ಪರೀಕ್ಷೆಯನ್ನು ನಂಬುವ ಹಾಗಿಲ್ಲ, ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ತಿನ್ನುವ ಕಾಳು, ಬೀಜಗಳಲ್ಲೂ ಇಂಥ ವಿಷದ ಅಂಶ ಅಲ್ಪ ಸ್ವಲ್ಪ ಇರುತ್ತದೆ, ಆರೋಗ್ಯವಂತರ ಮೂತ್ರದಲ್ಲೂ ಸಿಗುತ್ತದೆ. ಬೂಷ್ಟಿನ ವಿಷದಿಂದ ಚರ್ಮ ಸುಟ್ಟ ಉದಾಹರಣೆಗಳು ಇವೆ, ನಿಜ. 1930ರ ದಶಕದಲ್ಲಿ ಉಕ್ರೇನಿನಲ್ಲಿ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಬೂಷ್ಟು ಹಿಡಿದ ಒಣಹುಲ್ಲು ತಿಂದು ಕುದುರೆಗಳು ಸತ್ತವು, ಆ ಹುಲ್ಲನ್ನು ಕೈಯಾರೆ ಹಿಡಿಯುತ್ತಿದ್ದವರಿಗೆ ಚರ್ಮದಲ್ಲಿ ದದ್ದು ಬಂತು. ಆದರೆ ಅದು ಬೂಷ್ಟಿನ ರಾಶಿಯನ್ನೇ ಮೈಗೆ ತಾಗಿಸಿಕೊಂಡ ಮಾತು. ಬಚ್ಚಲ ಗೋಡೆಯ ಕಲೆಗೆ ಅದನ್ನು ಹೋಲಿಸಲಾಗದು.

ನಾಲ್ಕೂ ಜನಕ್ಕೆ, ರಾತ್ರಿ ಹೊತ್ತು, ಬೆರಳ ಸಂದಿಯಲ್ಲಿ ಅಂದರೆ ನನಗೆ ಮೊದಲು ಹೊಳೆಯುವುದು ಕಜ್ಜಿ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಯಾರಿಗೂ ನಾಚಿಕೆ ಬೇಡ, ಎಷ್ಟು ಶುಚಿಯಾಗಿರುವವರಿಗೂ ಬರುತ್ತದೆ. ವೈದ್ಯರು ನೋಡಿ ಹೌದು ಅಂದರೆ ಸಾಮಾನ್ಯವಾಗಿ ಶೇ. 5ರ ಪರ್ಮೆಥ್ರಿನ್ ಕ್ರೀಮ್ ಕೊಡುತ್ತಾರೆ. ತುರಿಕೆ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಸಾಮಾನ್ಯವಾಗಿ ಒಂದು ವಾರ ಬಿಟ್ಟು ಮತ್ತೊಮ್ಮೆ ಹಚ್ಚಲು ಹೇಳುತ್ತಾರೆ. ಹಾಸಿಗೆ ಬಟ್ಟೆ, ಟವೆಲ್ಲು, ಉಟ್ಟ ಬಟ್ಟೆಗಳನ್ನು ಬಿಸಿ ನೀರಲ್ಲಿ ಒಗೆಯಿರಿ, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಪಕ್ಕಕ್ಕಿಡಿ. ನುಸಿ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು. ಆಗ ಗಾಬರಿಯಾಗಿ ನೀವಾಗಿಯೇ ಮತ್ತೆ ಮತ್ತೆ ಕ್ರೀಮ್ ಹಚ್ಚಬೇಡಿ, ವೈದ್ಯರಿಗೆ ಇನ್ನೊಮ್ಮೆ ತೋರಿಸಿ.