ಎರಡು ಎಕರೆ ಮಾರಿ ಹೆಸರಿನ ಕಮಾನು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಬಂದವರು 68 ವರ್ಷದ ನಿವೃತ್ತ ಮುಖ್ಯಗುರುಗಳು, ಕಲಬುರಗಿಯ ಆಳಂದ ಕಡೆಯವರು. ಕರೆತಂದದ್ದು ಮಗ. ಐದು ಎಕರೆ ತೊಗರಿ ಹೊಲದಲ್ಲಿ ಎರಡು ಎಕರೆ ಮಾರಿ ಊರ ಅಗಸಿ ಮುಂದೆ ತಮ್ಮ ಹೆಸರಿನ ಕಮಾನು ಕಟ್ಟಿಸಬೇಕೆಂದು ಅವರ ಹಟ. "ನಾ ಹೋದ ಮ್ಯಾಲ ನನ್ನ ಹೆಸರ ಯಾರ್ ತಗೀತಾರ್ರೀ?" ಸ್ಥಾವರ ಅಳಿಯುತ್ತದೆಂದು ಮಗ ಬಸವಣ್ಣನವರ ವಚನ ಹೇಳಿ ವಾದ ಗೆದ್ದಿದ್ದ. ಅಂದಿನಿಂದ ಅಪ್ಪ-ಮಗನ ಮಾತು ನಿಂತಿತ್ತು. ಬಾಯಿ ಮುಚ್ಚಿಸಲು ವಚನ ಬಳಸಿದರೆ ಆಗುವುದೇ ಇಷ್ಟು.

ಮೊದಲು ಅಪಾಯ ನೋಡಬೇಕು. ಆಸ್ತಿ ವಿಲೇವಾರಿಯ ಅವಸರ, 'ನಾ ಹೋದ ಮೇಲೆ' ಎಂಬ ಮಾತು ಖಿನ್ನತೆಯ ಸುಳಿವಿರಬಹುದು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡದೆ ಮನೋವೈದ್ಯರ ಬಳಿ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಕೂಡ ಇದೆ. ಇವರಿಗೆ ಅಂಥದ್ದಿರಲಿಲ್ಲ. ವೃದ್ಧರ ಖಿನ್ನತೆಯ 15 ಪ್ರಶ್ನೆಗಳ ಮಾಪನದಲ್ಲಿ ಅಂಕ 3. 5 ದಾಟಿದರೆ ಹೆಚ್ಚಿನ ತಪಾಸಣೆ ಬೇಕು. ಮರೆಗುಳಿ ಕಾಯಿಲೆಯ ಸುಳಿವಿಗಾಗಿ, ಲೆಕ್ಕ ತಪ್ಪುವುದು, ದಾರಿ ಮರೆಯುವುದು, ಹಿಂದೆಂದೂ ಇಲ್ಲದ ದುಂದು ಇವೆಯೇ ಎಂದು ಹೆಂಡತಿಯನ್ನು ಬೇರೆಯಾಗಿ ಕೇಳಿದಾಗ, ಇಲ್ಲವೆಂದರು.

ಕಾರಣ ಎರಡನೇ ಭೇಟಿಯಲ್ಲಿ ಹೊರಬಿತ್ತು. ತೀರಿಹೋದ ಜೊತೆಗಾರ ಶಿಕ್ಷಕರೊಬ್ಬರು ಶಾಲೆಗೆ ಕೊಟ್ಟಿದ್ದ ಬೀರುವಿಗೆ ಹೊಸದಾಗಿ ಹಸಿರು ಬಣ್ಣ ಹೊಡೆದಿದ್ದರು. ದಾನಿಯ ಹೆಸರಿನ ಅಕ್ಷರಗಳು ಬಣ್ಣದಡಿ ಉಬ್ಬಿ ಕಾಣುತ್ತಿದ್ದವು, ಓದಲು ಬರುತ್ತಿರಲಿಲ್ಲ.

ಸಾವು ಹತ್ತಿರ ಸುಳಿದಾಗ ಮನುಷ್ಯ ತನ್ನ ಹೆಸರು, ಕುಲ, ನಂಬಿಕೆಗಳನ್ನು ಬಿಗಿಯಾಗಿ ಹಿಡಿಯುತ್ತಾನೆಂದು 1980ರ ದಶಕದಿಂದ ಕೆಲ ಮನೋವಿಜ್ಞಾನಿಗಳು ವಾದಿಸುತ್ತ ಬಂದಿದ್ದಾರೆ. ಮುಂದಿನ ಪೀಳಿಗೆಗೆ ಏನಾದರೂ ದಾಟಿಸುವ ಹಂಬಲ ನಡುವಯಸ್ಸಿನ ಸಹಜ ಘಟ್ಟವೆಂದವರು ಮನೋವಿಜ್ಞಾನಿ ಎರಿಕ್ ಎರಿಕ್ಸನ್. ಹಾಗಾಗಿ ಇದನ್ನು ಅಹಂಕಾರವೆಂದು ತಳ್ಳಿಹಾಕುವುದು ಸರಿಯಲ್ಲ. "ಯಾರು ನೆನೀಬೇಕು, ಏನಂತ?" ಎಂದು ಕೇಳಬೇಕು. ಕೇಳಿದಾಗ ಇವರು ಊರಿನ ಹೆಸರೇ ಎತ್ತಲಿಲ್ಲ. "ಮೊಮ್ಮಗಳು. ಮುತ್ಯಾ ಲೆಕ್ಕ ಕಲಿಸಿದ ಅಂತ."

ಕೊಟ್ಟ ಸಲಹೆ: ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೋವ್ ಸಾವಿನಂಚಿನ ರೋಗಿಗಳಿಗಾಗಿ ರೂಪಿಸಿದ ವಿಧಾನವನ್ನು ಸಡಿಲಿಸಿ ಬಳಸುವುದು. ಒಂದು ಸಲಕ್ಕೆ 40 ನಿಮಿಷ, ಮೊಬೈಲಿನಲ್ಲಿ ಧ್ವನಿಮುದ್ರಣ. ಹೆಚ್ಚು ಹುರುಪಿನಿಂದ ಬದುಕಿದ ಕಾಲ ಯಾವುದು, ಯಾವ ಕೆಲಸಕ್ಕೆ ಹೆಮ್ಮೆ, ಮನೆಯವರಿಗೆ ಹೇಳದೆ ಉಳಿದದ್ದೇನು ಎಂದು ಕೇಳುವುದು. ಎರಡು-ಮೂರು ದಿನದೊಳಗೆ ಅವರ ಮಾತಿನಲ್ಲೇ ಬರೆದು, ಓದಿ ಹೇಳಿ ತಿದ್ದಿಸುವುದು. ಕೆಡುವುದು ಈ ಕೊನೆಯ ಹಂತ ಬಿಟ್ಟಾಗ. ಸಿಟ್ಟಿನಲ್ಲಿ ಅಣ್ಣತಮ್ಮಂದಿರ ಬಗ್ಗೆ ಆಡಿದ ಮಾತು ಹಾಗೇ ಉಳಿದರೆ ಸತ್ತ ಮೇಲೆ ತಿದ್ದಲು ಆಗುವುದಿಲ್ಲ. ಪ್ರಶ್ನೆ ಮೊಮ್ಮಗಳೇ ಕೇಳಲಿ ಎಂದೆವು. ಮಗ ಕೇಳಿದರೆ ಮತ್ತೆ ವಾದವಾಗುತ್ತದೆ.

ತೊಗರಿ ರಾಶಿ ಮುಗಿಯುವವರೆಗೆ ಮಾರಾಟದ ಮಾತು ಬೇಡವೆಂದು ಇಬ್ಬರೂ ಒಪ್ಪಿದರು. ಹೊಲ ಪಿತ್ರಾರ್ಜಿತವಾದರೆ ಗಂಡು-ಹೆಣ್ಣು ಮಕ್ಕಳಿಗೆಲ್ಲ ಪಾಲಿದೆ, ವಕೀಲರಿಗೆ ಕಾಗದ ತೋರಿಸದೆ ಮುಂಗಡ ತಗೋಬಾರದು.

ಕಮಾನಿನ ಆಸೆ ಪೂರ್ತಿ ಹೋಗಿಲ್ಲ. ಸದ್ಯ ಶಾಲೆಯಲ್ಲಿ ಗಣಿತಕ್ಕೊಂದು ದತ್ತಿ ಬಹುಮಾನ ಇಡಲು ಒಪ್ಪಿದ್ದಾರೆ: 50,000 ರೂಪಾಯಿ ಠೇವಣಿಗೆ ಶೇ 6 ಬಡ್ಡಿ ಹಿಡಿದರೆ ವರ್ಷಕ್ಕೆ 3,000. ಠೇವಣಿ ಶಾಲೆಯ ಈಗಿನ ಮುಖ್ಯಗುರುಗಳ ಸ್ವಂತ ಹೆಸರಿನಲ್ಲಿಟ್ಟರೆ ವರ್ಗಾವಣೆಯಾದಾಗ ತಂಟೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವು ಬರೆಸಿ, ಜಂಟಿ ಖಾತೆಯಲ್ಲಿಟ್ಟು, ನಕಲೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿದೆ.